ಬೀಜ ಹಾಕುವ ಮೊದಲು ರಜೆ ಪಟ್ಟಿ ನೋಡೋಣ

ಎಲ್ಲರಿಗೂ ನಮಸ್ಕಾರ. ಕಳೆದ ಸಲ ನಮ್ಮ ಶಾಲೆ ತೋಟದ ಟೊಮೇಟೊ ಹಣ್ಣಾಗಿದ್ದು ಸರಿಯಾಗಿ ರಜೆಯಲ್ಲಿ. ನೀರು ಹಾಕಿದ ಮಕ್ಕಳಿಗೆ ಒಂದು ಹಣ್ಣೂ ಸಿಗಲಿಲ್ಲ. ನನಗೆ ಅದು ತುಂಬಾ ಬೇಜಾರಾಯಿತು.

ಈ ಸಲ ರಜೆ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸೋಣ. ಬೇಗ ಬರುವ ಮೂಲಂಗಿ 25–30 ದಿನಕ್ಕೆ ಕೀಳಲು ಸಿಗುತ್ತದೆ. ಪಾಲಕ್‌ಗೆ ಸುಮಾರು 40 ದಿನ, ಗಿಡ ಬೀನ್ಸ್‌ಗೆ 50–60 ದಿನ ಬೇಕು. ಟೊಮೇಟೊಗೆ ಸಸಿ ನೆಟ್ಟ ಮೇಲೂ 60–80 ದಿನ ಹಿಡಿಯುತ್ತದೆ. ಚಳಿ, ಮೋಡ ಇದ್ದರೆ ಇನ್ನೂ ತಡ. ಹಾಗಾಗಿ ಎರಡು ವಾರ ಜಾಸ್ತಿಯೇ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿಗೆ ಮೂಲಂಗಿಯೇ ಕೊಡಿ. ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ, ಅವರಿಗೆ ಅಷ್ಟು ಬೇಗ ಕಂಡರೇ ಖುಷಿ ಅಲ್ವಾ?

ಉದ್ದದ ರಜೆಗೆ ಮುಂಚೆ ಕುಂಬಳ ಬಿತ್ತಬಹುದು. ಬಳ್ಳಿ ಹಬ್ಬಿ ಕಾಯಿ ಬಲಿಯಲು ಮೂರ್ನಾಲ್ಕು ತಿಂಗಳು ಬೇಕು, ವಾಪಸ್ ಬಂದ ಮೇಲೆ ಮಕ್ಕಳೇ ಕೊಯ್ಯುತ್ತಾರೆ. ಆದರೆ ನೀರು ಹಾಕಲು ಯಾರಾದರೂ ಇರಲೇಬೇಕು. ಇಲ್ಲದಿದ್ದರೆ ಸುಮ್ನೆ ಪಾತಿಗೆ ಒಣ ಎಲೆ ದಪ್ಪಗೆ ಮುಚ್ಚಿ ಬಿಡೋಣ, ಮಣ್ಣು ಬೇಗ ಒಣಗುವುದಿಲ್ಲ.

ರಜೆಯಲ್ಲಿ ಒಂದೊಂದು ವಾರ ನೀರು ಹಾಕಲು ಆಗುವವರು ಇಲ್ಲೇ ಹೆಸರು ಬರೆಯಿರಿ. ಹೆಸರು ಬಂದ ಮೇಲೆ ಬೀಜ ತರೋಣ.