ನನ್ನ ನಿಧಾನಕ್ಕೆ ಕಾದವರಿಗೆ

ಎರಡೂ ಮಂಡಿಗಳ ಶಸ್ತ್ರಚಿಕಿತ್ಸೆಯ ನಂತರದ ಮೊದಲ ದೂರಪ್ರಯಾಣ ಮುಗಿಸಿ ಮೈಸೂರಿಗೆ ಮರಳಿದ್ದೇನೆ. ಸ್ಕಾಟ್ಲೆಂಡಿನ ಎಡಿನ್‌ಬರೊದಿಂದ ಸ್ಕೈ ದ್ವೀಪಕ್ಕೆ ಹೋಗಿಬರುವ, ಹದಿನಾರು ಆಸನಗಳ ಪುಟ್ಟ ಬಸ್ಸಿನ ಪ್ರವಾಸ ಅದು. ಸಿಕ್ಕವರೆಲ್ಲ ನನ್ನ ಧೈರ್ಯವನ್ನು ಹೊಗಳುತ್ತಿದ್ದಾರೆ. ಆ ಹೊಗಳಿಕೆ ಸೇರಬೇಕಾದ ವಿಳಾಸಗಳೇ ಬೇರೆ.

ಮೊದಲ ವಂದನೆ ಇಲ್ಲಿಯ ಫಿಜಿಯೊಥೆರಪಿ ಹುಡುಗಿಗೆ. ನಾನು ಹಲ್ಲು ಕಚ್ಚಿ ಅಳುತ್ತಿದ್ದಾಗಲೂ ‘ಇನ್ನೊಂದು ಸಲ, ಅಮ್ಮ’ ಎಂದು ಮಂಡಿ ಮಡಚಿಸಿದವಳು ಅವಳು. ಎರಡನೆಯದು, ನನ್ನನ್ನು ಕೇಳದೆಯೇ ಟಿಕೆಟ್ ಕಾಯ್ದಿರಿಸಿದ ಮಗಳಿಗೆ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

ಉಳಿದದ್ದೆಲ್ಲ ಆ ಬಸ್ಸಿನವರ ಪಾಲು. ಚಾಲಕರೇ ಮಾರ್ಗದರ್ಶಿ, ಲಂಗದಂಥ ಕಿಲ್ಟ್ ಉಟ್ಟ ಆಜಾನುಬಾಹು, ಲೂಯಿಸ್ ದ್ವೀಪದವರು, ಮನೆಮಾತು ಗೇಲಿಕ್. ಪ್ರತಿ ನಿಲುಗಡೆಯಲ್ಲೂ ಬಾಗಿಲ ಬಳಿ ನನಗೊಂದು ಮರದ ಮಣೆ ಇಡುತ್ತಿದ್ದರು. ಅದನ್ನು ಎಲ್ಲರಿಗೂ ಇಟ್ಟಂತೆ ಇಡುತ್ತಿದ್ದರು ಎಂಬುದೇ ವಿಶೇಷ. ಹೊರಡುವ ಹೊತ್ತನ್ನು ಸ್ವಲ್ಪ ಸಡಿಲವಾಗಿಯೇ ಹೇಳುತ್ತಿದ್ದದ್ದು ನನಗಾಗಿ ಎಂದು ತಿಳಿದದ್ದು ಕೊನೆಯ ದಿನ, ಅದೂ ಸಹಪ್ರಯಾಣಿಕರೊಬ್ಬರ ಬಾಯಿಂದ.

ಗ್ಲೆನ್‌ಕೋ ಕಣಿವೆಯಲ್ಲಿ ಮಳೆ ಹಿಡಿದಿತ್ತು. ಎಂಜಿನ್ ಆರಿಸಿ ಅವರು 1692ರ ಫೆಬ್ರುವರಿ 13ರ ಕಥೆ ಹೇಳಿದರು. ಮ್ಯಾಕ್‌ಡೊನಾಲ್ಡ್ ಕುಲದವರ ಮನೆಗಳಲ್ಲಿ ಹನ್ನೆರಡು ದಿನ ಅತಿಥಿಗಳಾಗಿ ಉಂಡು ಮಲಗಿದ ಸೈನಿಕರು, ನಸುಕಿನಲ್ಲಿ ಎದ್ದು ಆತಿಥೇಯರನ್ನೇ ಕೊಂದರು. ಉಂಡ ಮನೆಗೆ ಎರಡು ಬಗೆದವರನ್ನು ಮುನ್ನೂರು ವರ್ಷಗಳಾದರೂ ಆ ಸೀಮೆ ಕ್ಷಮಿಸಿಲ್ಲ. ಕಥೆ ಮುಗಿದ ಮೇಲೆ ಕೆನಡಾದ ವೃದ್ಧ ದಂಪತಿ ನನ್ನ ಎರಡು ಪಕ್ಕದಲ್ಲೂ ಕೊಡೆ ಹಿಡಿದು ಕೆಳಗಿಳಿಸಿದರು. ಆ ಗಾಳಿಗೆ ಎರಡು ಕೊಡೆಗಳೂ ಮಗುಚಿಕೊಂಡವು. ಮೂವರೂ ತೊಯ್ದೆವು.

ಸ್ಕೈಯಲ್ಲಿ ಎಷ್ಟೋ ರಸ್ತೆಗಳು ಒಂದೇ ವಾಹನ ಹಿಡಿಸುವಷ್ಟು ಅಗಲ. ಅಲ್ಲಲ್ಲಿ ಬದಿಗೆ ಸರಿದು ನಿಲ್ಲಲು ಜಾಗ ಬಿಟ್ಟು ಫಲಕ ನೆಟ್ಟಿದ್ದಾರೆ. ಎದುರಿನವರಿಗೆ ಮಾತ್ರವಲ್ಲ, ಹಿಂದೆ ಅವಸರದಲ್ಲಿರುವವರಿಗೂ ಅಲ್ಲಿ ದಾರಿ ಕೊಡಬೇಕು. ದಾರಿ ಪಡೆದವರು ಸ್ಟೀರಿಂಗ್ ಮೇಲಿಂದ ಕೈಯೆತ್ತಿ ವಂದಿಸಿ ಹೋಗುತ್ತಾರೆ. ಹಾರ್ನ್ ಇಲ್ಲ, ದುರುಗುಟ್ಟುವುದಿಲ್ಲ. ನಮ್ಮ ವರ್ತುಲ ರಸ್ತೆಯ ಸಂಜೆಗಳನ್ನು ನೆನೆದು ನಾನು ಒಳಗೊಳಗೇ ನಕ್ಕೆ.

ಸ್ಟೋರ್ ಬೆಟ್ಟದ ಏರು ನನ್ನಿಂದ ಆಗುವಂಥದ್ದಲ್ಲ. ಎಲ್ಲರೂ ಹತ್ತಿದಾಗ ಚಾಲಕರು ನನ್ನ ಜೊತೆ ಕುಳಿತು ಫ್ಲಾಸ್ಕಿನ ಚಹಾ ಹಂಚಿಕೊಂಡರು. ಇಳಿದು ಬಂದ ವಿದ್ಯಾರ್ಥಿನಿಯೊಬ್ಬಳು ಒಂದೊಂದು ಚಿತ್ರವನ್ನೂ ತೋರಿಸಿ, ಎಲ್ಲಿ ಜಾರಿದಳು, ಎಲ್ಲಿ ಟೋಪಿ ಹಾರಿತು ಎಂದೆಲ್ಲ ವರದಿ ಒಪ್ಪಿಸಿದಳು. ಪೋರ್ಟ್ರೀಯ ಅತಿಥಿಗೃಹದ ಒಡತಿ ತನ್ನ ನೆಲಮಹಡಿಯ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟಳು; ಬೆಳಿಗ್ಗೆ, ಮಾಂಸದಿಂದ ಮಾಡುವ ಅಲ್ಲಿಯ ಹೆಸರಾಂತ ತಿನಿಸು ಹ್ಯಾಗಿಸ್ ಅನ್ನು ಓಟ್ಸ್, ಬೇಳೆಗಳ ಸಸ್ಯಾಹಾರಿ ರೂಪದಲ್ಲಿ ಬಡಿಸಿದಳು. ಮೆಣಸು ಧಾರಾಳವಾಗಿತ್ತು, ಎರಡನೇ ಸಲ ಹಾಕಿಸಿಕೊಂಡೆ.

ದ್ವೀಪದ ಉತ್ತರ ತುದಿಯ ಡನ್‌ಟಲ್ಮ್‌ನಲ್ಲಿ ಮೋಡ ಸರಿದು, ಸಮುದ್ರದಾಚೆ ನೀಲಿ ಗುಡ್ಡಗಳು ಕಂಡವು. ‘ನಮ್ಮೂರ ದಿಕ್ಕು’ ಎಂದರು ಚಾಲಕರು. ಇತಿಹಾಸ ಕಲಿಸಿದ ನನ್ನ ನಾಲಿಗೆ ಸುಮ್ಮನಿದ್ದೀತೇ? ಅವರ ದ್ವೀಪದ ಸ್ಟಾರ್ನೊವೇಯಲ್ಲಿ 1754ರಲ್ಲಿ ಹುಟ್ಟಿದ, ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಜಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ನಮ್ಮ ಮೈಸೂರು ಸೀಮೆಯನ್ನು ಅಳೆದ ಕಥೆ ಹೇಳಿದೆ. ಅವನು ಕಾವಲಿ ಬೊರಯ್ಯನಂಥ ಪಂಡಿತರ ನೆರವಿನಿಂದ ಕೂಡಿಹಾಕಿದ ಶಾಸನ, ಕೈಫಿಯತ್ತು ಎಂಬ ಊರಿನ ವೃತ್ತಾಂತಗಳಿಲ್ಲದೆ ನಮ್ಮ ಎಷ್ಟೋ ಊರುಗಳ ಚರಿತ್ರೆ ಬರೆಯುವುದು ಕಷ್ಟ. ಅಂದು ಬಸ್ಸು ಕಾದದ್ದು ನನ್ನ ಮಂಡಿಗಾಗಿ ಅಲ್ಲ, ನನ್ನ ಪಾಠಕ್ಕಾಗಿ. ಅದಕ್ಕೂ ಯಾರೂ ಗೊಣಗಲಿಲ್ಲ!

ಚಾಲಕರಿಗೆ ಶ್ರೀರಂಗಪಟ್ಟಣ ತೋರಿಸುವ ಮಾತು ಕೊಟ್ಟಿದ್ದೇನೆ. ಚಳಿಗಾಲದಲ್ಲಿ ಬಂದರೆ ಒಳ್ಳೆಯದು. ಸೊಳ್ಳೆ ಇದೆಯೇ ಎಂದು ಕೇಳಿದರು. ಇದೆ ಎಂದೆ, ಆದರೆ ನಿಮ್ಮ ಮಿಡ್ಜ್ ಎಂಬ ಪುಟಾಣಿ ನೊಣಗಳಂತೆ ಕಣ್ಣಿಗೆ ಕಾಣದೆ ಕಚ್ಚುವುದಿಲ್ಲ, ಹಾಡಿಯೇ ಬರುತ್ತವೆ.