ವೀರಗಲ್ಲಿನ ಆಕಳು

ಚಿ. ಪುಟ್ಟನಿಗೆ ದೊಡ್ಡವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿನ್ನ ದೊಡ್ಡಪ್ಪನ ಮೊಣಕಾಲು ನೋವು ಈಗ ಕಡಿಮೆ.

ಮೊನ್ನೆ ಜಾತ್ರೆಗೆ ಬಂದಾಗ ರಾತ್ರಿ ಕಟ್ಟೆ ಮೇಲೆ ಕೂತು ಒಂದು ಮಾತು ಕೇಳಿದೆಯಲ್ಲ. "ದೊಡ್ಡವ್ವ, ಇದಕ್ಕಾಗಿ ಜೀವ ಬೇಕಾದ್ರೂ ಕೊಡ್ತೀನಿ ಅನ್ನೋವಂಥದ್ದು ನನ್ನ ಹತ್ರ ಏನೂ ಇಲ್ಲ. ಹಾಗಾದ್ರೆ ನನ್ನ ಬದುಕು ಸುಮ್ನೆ ಅಲ್ವಾ?" ಅಷ್ಟರಲ್ಲಿ ಊಟಕ್ಕೆ ಕರೆದರು. ಮಾತು ಅಲ್ಲಿಗೇ ನಿಂತಿತು. ನನ್ನ ತಲೆಯಿಂದ ಮಾತ್ರ ಹೋಗಿಲ್ಲ.

ಮೊದಲು ಒಂದು ಕೇಳಿಬಿಡುತ್ತೇನೆ. ಸುಮ್ನೆ ಯೋಚನೆ ಬಂದು ಕೇಳಿದೆಯೋ, ಮನಸ್ಸು ಭಾರವಾಗಿ ಕೇಳಿದೆಯೋ? ಭಾರವಾಗಿದ್ದರೆ ಪತ್ರ ಪಕ್ಕಕ್ಕಿಟ್ಟು ಈಗಲೇ ಫೋನ್ ಮಾಡು. ರಾತ್ರಿ ಎರಡು ಗಂಟೆಯಾದರೂ ಎತ್ತುತ್ತೇನೆ. ಹಾಗಲ್ಲದಿದ್ದರೆ ಮುಂದೆ ಓದು.

ನಮ್ಮ ಕೆರೆ ಏರಿ ಮೇಲೆ ಬನ್ನಿಮರದ ಬುಡದಲ್ಲಿ ವೀರಗಲ್ಲು ಇದೆಯಲ್ಲ? ಚಿಕ್ಕವನಿದ್ದಾಗ ಅದರ ಮೇಲೆ ಹತ್ತಿ ಕೂತು ನಿಮ್ಮಜ್ಜನ ಹತ್ತಿರ ಬೈಸಿಕೊಂಡಿದ್ದೆ. ಅದರಲ್ಲಿ ಮೂರು ಪಟ್ಟಿ ಇವೆ. ಮೇಲಿನದರಲ್ಲಿ ವೀರ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಇನ್ನೂ ಮೇಲೆ ಸೂರ್ಯ ಚಂದ್ರ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಕೆಳಗೆ ಕಾಳಗ. ನಾನು ಹುಡುಗಿಯಾಗಿದ್ದಾಗ ನೋಡುತ್ತಿದ್ದದ್ದು ಮೇಲಿನ ಎರಡನ್ನೇ. ಟೀಚರ್ ಆದ ಮೇಲೆ ಮಕ್ಕಳನ್ನು ಕರೆದುಕೊಂಡು ಹೋದಾಗ ಅವರ ಕಣ್ಣು ಸೀದಾ ಕೆಳಗೆ ಹೋಯಿತು. "ಟೀಚರ್, ಆಕಳು! ಟೀಚರ್, ಕರು ಹಾಲು ಕುಡೀತದೆ!" ಹೌದು, ವೀರನ ಬೆನ್ನ ಹಿಂದೆ ಮೂರು ಆಕಳು. ಕೊನೆಯದರ ಕೆಚ್ಚಲಿಗೆ ಬಾಯಿ ಹಾಕಿದ ಒಂದು ಕರು, ಬೆರಳಿನಷ್ಟು ಉದ್ದ. ಎಣ್ಣೆ, ಕುಂಕುಮ ಸವರಿ ಸವರಿ ನುಣ್ಣಗಾಗಿದೆ. ಅಷ್ಟು ವರ್ಷ ನನಗೇ ಕಂಡಿರಲಿಲ್ಲ.

ತುರುಗೊಳ್ ಅಂದರೆ ಒಂದೂರಿನ ದನವನ್ನು ಇನ್ನೊಂದೂರಿನವರು ಹೊಡೆದುಕೊಂಡು ಹೋಗೋದು. ಕರ್ನಾಟಕದಲ್ಲಿ ಸಾವಿರಾರು ವೀರಗಲ್ಲುಗಳಿವೆ. ಹೀಗೆ ದನ ಬಿಡಿಸಲು ಹೋಗಿ ಸತ್ತವರವೂ ಅದರಲ್ಲಿ ಬೇಕಾದಷ್ಟು. ಸ್ವಲ್ಪ ಯೋಚನೆ ಮಾಡು. ಆ ಮನುಷ್ಯ ಬೆಳಿಗ್ಗೆ ಎದ್ದು, ಇವತ್ತು ನನ್ನ ಬದುಕಿಗೆ ಒಂದು ಅರ್ಥ ಬರಲಿ ಅಂತ ಹೊರಟವನಲ್ಲ. ಆಕಳು ತರಲು ಹೊರಟವನು. ಅವನ ಜೊತೆಗೆ ಹೋಗಿ, ದನ ಬಿಡಿಸಿಕೊಂಡು ಜೀವಂತ ಬಂದವರೂ ಇರುತ್ತಾರೆ ಅಲ್ವಾ? ಅವರಿಗೆ ಕಲ್ಲು ನೆಡಲಿಲ್ಲ. ಅವರು ಕೊಟ್ಟಿಗೆಗೆ ದನ ಕಟ್ಟಿ, ಹಾಲು ಹಿಂಡಿ, ಉಂಡು ಮಲಗಿದರು. ಅವರ ಬದುಕು ಸತ್ತವನದಕ್ಕಿಂತ ಕಡಿಮೆಯದು ಅಂತ ನನ್ನ ಬಾಯಲ್ಲಿ ಬರೋದಿಲ್ಲ.

ಬೇರೆ ಥರದ ಕಲ್ಲೂ ಇದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಂಗಳದಲ್ಲಿ ಒಂದು ಕಂಬ. ಇಮ್ಮಡಿ ವೀರಬಲ್ಲಾಳ 1220ರ ಹೊತ್ತಿಗೆ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಹೆಂಡತಿ ಮತ್ತು ಸಂಗಡಿಗರ ಸಮೇತ ಜೀವ ಕೊಟ್ಟ. ಒಡೆಯ ಸತ್ತರೆ ತಾವೂ ಸಾಯುತ್ತೇವೆ ಅಂತ ಆಣೆ ಮಾಡಿದ ಗರುಡರು ಅವರು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ಶಾಲೆಯ ಪ್ರವಾಸದಲ್ಲಿ ಅದರ ಮುಂದೆ ನಿಂತಾಗ ನನಗೆ ಹೆಮ್ಮೆ ಅನ್ನಿಸಲಿಲ್ಲ, ಹೊಟ್ಟೆ ಉರಿಯಿತು. ಅಷ್ಟೂ ಜನರಲ್ಲಿ ಒಬ್ಬರು ಸತ್ತಿದ್ದರಿಂದಲೂ ಒಂದು ಆಕಳು ಮನೆಗೆ ಬರಲಿಲ್ಲ. ಸಾಯೋದಕ್ಕೆ ಕಾರಣ ಹುಡುಕುವ ಹುಡುಗರನ್ನೇ ಹುಡುಕಿಕೊಂಡು ಬರುವ ಜನ ಆಗಲೂ ಇದ್ದರು, ಈಗಲೂ ಇದ್ದಾರೆ. ನಿನಗೆ ಯಾರಾದರೂ ಸಾವನ್ನು ದೊಡ್ಡದು ಮಾಡಿ ಹೇಳಿದರೆ, ಆಕಳು ಎಲ್ಲಿ ಅಂತ ಕೇಳು.

ಹಾಗಂತ ನಿನ್ನ ಮಾತು ಪೂರ್ತಿ ತಪ್ಪು ಅಂತಲ್ಲ. ಏನೇ ಬಂದರೂ ಬಿಟ್ಟುಕೊಡದಂಥದ್ದು ಒಂದು ಇರಬೇಕು. ಇಲ್ಲದಿದ್ದರೆ ಮನುಷ್ಯನನ್ನು ಯಾರು ಬೇಕಾದರೂ ಬೆಲೆ ಕಟ್ಟಿ ಕೊಳ್ಳಬಹುದು. ಆದರೆ ಅದು ಮೊದಲೇ ಹುಡುಕಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಏನನ್ನೋ ಪ್ರೀತಿಯಿಂದ ದಿನಾ ನೋಡಿಕೊಳ್ಳುತ್ತಿರುತ್ತೀಯ. ಅದಕ್ಕೆ ಕುತ್ತು ಬಂದ ದಿನ ಕಾಲು ತಾನಾಗಿ ಮುಂದೆ ಹೋಗುತ್ತದೆ. ಕಲ್ಯಾಣದ ಹರಳಯ್ಯ, ಮಧುವಯ್ಯ ಏನು ಮಾಡಿದರು? ಒಬ್ಬರು ಸಮಗಾರರು, ಇನ್ನೊಬ್ಬರು ಬ್ರಾಹ್ಮಣ ಕುಲದಿಂದ ಬಂದವರು. ಇಬ್ಬರೂ ಶರಣರು, ಹರಳಯ್ಯನವರ ಮಗನಿಗೆ ಮಧುವಯ್ಯನವರ ಮಗಳನ್ನು ತಂದುಕೊಂಡರು. ಅದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಅವರನ್ನು ಆನೆ ಕಾಲಿಗೆ ಕಟ್ಟಿ ಎಳೆಸಿದರು ಅಂತ ನಮ್ಮ ಜನ ಇವತ್ತಿಗೂ ಕಣ್ಣೀರು ಹಾಕಿ ಹೇಳುತ್ತಾರೆ. ಅವರು ಸಾಯಲು ಹೊರಟವರಲ್ಲ ಪುಟ್ಟಾ, ಮಕ್ಕಳ ಮದುವೆ ಮಾಡಲು ಹೊರಟವರು.

ನಮ್ಮ ಜಿಲ್ಲೆಯವರೇ ಆದ ಮೈಲಾರ ಮಹಾದೇವಪ್ಪನವರನ್ನೇ ತಗೋ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು, ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಭಾಷಣದಲ್ಲಿ ಎಲ್ಲರೂ ಹೇಳೋದು ಆ ಒಂದು ದಿನದ ಕಥೆ. ಆದರೆ ಅವರು 1930ರಲ್ಲಿ ಗಾಂಧೀಜಿಯವರ ಜೊತೆ ಸಾಬರಮತಿಯಿಂದ ದಾಂಡಿಯವರೆಗೆ ನಡೆದ ಒಬ್ಬನೇ ಕನ್ನಡಿಗ. ಮೋಟೆಬೆನ್ನೂರಿನ ಹುಡುಗ, ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ. ನಡುವೆ 13 ವರ್ಷ ಇದೆಯಲ್ಲ? ಖಾದಿ ಕೆಲಸ, ಹಳ್ಳಿ ಸುತ್ತೋದು, ಜೈಲು. ಹೆಂಡತಿ ಸಿದ್ದಮ್ಮನವರೂ ಜೈಲು ಕಂಡವರು. ಹೊಸರಿತ್ತಿಯಲ್ಲಿ ಅವತ್ತು ಗುಂಡು ತಪ್ಪಿದ್ದರೆ ಆ 13 ವರ್ಷ ಸುಳ್ಳಾಗುತ್ತಿತ್ತಾ? ನನಗೆ ಅವರ ಮೇಲೆ ಗೌರವ ಇರೋದು ಆ ವರ್ಷಗಳಿಗಾಗಿಯೇ ಜಾಸ್ತಿ.

ನಾನೂ ನಿನ್ನ ವಯಸ್ಸಿನಲ್ಲಿ ನಿನ್ನ ಹಾಗೇ ಇದ್ದೆ. 1982, ಗೋಕಾಕ ಚಳವಳಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ಸಾಹಿತಿಗಳು ಬೀದಿಗಿಳಿದಿದ್ದರು. ರಾಜ್‌ಕುಮಾರ್ ಬಂದ ಮೇಲಂತೂ ನಾಡಿಗೆ ನಾಡೇ ಎದ್ದಿತು. ನಾನು ಧಾರವಾಡದಲ್ಲಿ ಓದುತ್ತಿದ್ದೆ. ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದೆವು, ಕನ್ನಡಕ್ಕೆ ಪ್ರಾಣ ಕೊಡುತ್ತೇವೆ ಅಂತ. ಬಾಯಿಮಾತಲ್ಲ, ಮನಸಾರೆ ಕೂಗಿದ್ದು. ಮೂರು ವರ್ಷಕ್ಕೆ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು, ಎರಡನೇ ತರಗತಿ. ಅಲ್ಲಿ ಕನ್ನಡ ನನ್ನ ಪ್ರಾಣ ಕೇಳಲಿಲ್ಲ. ಒತ್ತಕ್ಷರ ಕಲಿಸು ಅಂತು.

ಒಬ್ಬ ಹುಡುಗಿ ಇದ್ದಳು. ತಾಯಿ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಳು. ಇವಳು ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಗೆ ಬರುತ್ತಿದ್ದಳು. ಒತ್ತು ಹತ್ತುತ್ತಲೇ ಇರಲಿಲ್ಲ. ಅಕ್ಕ ಅಂತ ಬರಿ ಅಂದರೆ ಅ, ಕ, ಕ ಅಂತ ಸಾಲಾಗಿ ಬರೆಯುತ್ತಿದ್ದಳು. ಬೈದೆ, ಮುದ್ದು ಮಾಡಿದೆ, ತಟ್ಟೆಯಲ್ಲಿ ಮರಳು ಹಾಕಿ ಬೆರಳು ಹಿಡಿದು ತಿದ್ದಿಸಿದೆ. ದಸರಾ ರಜೆ ಬಂದು ಹೋಯಿತು, ದೀಪಾವಳಿಯೂ ಹೋಯಿತು. ಒಂದು ಮಧ್ಯಾಹ್ನ ಪಾಟಿಯನ್ನು ಎದೆಗೆ ಒತ್ತಿಕೊಂಡು ಬಂದಳು. ಮೂಗಿನ ಮೇಲೆಲ್ಲ ಬಳಪದ ಪುಡಿ. ಪಾಟಿ ತಿರುಗಿಸಿದಳು. ಅಕ್ಕ. ಎರಡನೇ ಕ ಕೆಳಗೆ ಬಂದು ಕೂತಿತ್ತು, ಸ್ವಲ್ಪ ಸೊಟ್ಟಗೆ. "ಟೀಚರ್, ಇದು ನಾನೇ" ಅಂದಳು. ಅವಳ ತಮ್ಮ ಅವಳನ್ನು ಕರೆಯೋದು ಹಾಗೇ ಅಲ್ವಾ.

ಅಂಥ ಮಧ್ಯಾಹ್ನ 36 ವರ್ಷದ ನೌಕರಿಯಲ್ಲಿ ಎಷ್ಟು ಬಂದಾವು? ಬಹಳ ಇಲ್ಲ. ಮನಸ್ಸಿಲ್ಲದೆ, ಸುಸ್ತಾಗಿ, ಸುಮ್ನೆ ಬೋರ್ಡ್ ತುಂಬಿಸಿ ಬಂದ ದಿನಗಳೇ ಜಾಸ್ತಿ. ಪ್ರಾಣ ಕೊಡುವುದಾದರೆ ಒಂದೇ ಸಲ ಧೈರ್ಯ ಮಾಡಿದರೆ ಸಾಕು. ಮಳೆಗಾಲದಲ್ಲಿ ಸೋರುವ ಕೋಣೆಗೆ ಮರುದಿನ ಮತ್ತೆ ಹೋಗಲು ದಿನಾ ಬೇಕು. ಮೆರವಣಿಗೆಯಲ್ಲಿದ್ದಾಗ ಇದು ನನಗೆ ಗೊತ್ತಿರಲಿಲ್ಲ.

ನಿನ್ನ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಿನ್ನ ರೂಮಿನ ಹುಡುಗನಿಗೆ ಡೆಂಗಿ ಬಂದಾಗ ಎಂಟು ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಮಲಗಿದ್ದೆಯಂತೆ. ಬೆಳಿಗ್ಗೆ ಅಲ್ಲಿಂದಲೇ ಆಫೀಸಿಗೆ. ನೀನು ಹೇಳಲಿಲ್ಲ, ನಿಮ್ಮವ್ವ ಹೇಳಿದಳು. ಆ ಎಂಟು ರಾತ್ರಿ ನಿನಗೆ ಈ ಪ್ರಶ್ನೆ ಬಂದಿತ್ತಾ?

ಯುಗಾದಿಗೆ ಒಂದು ದಿನ ಮೊದಲೇ ಬಾ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಇಬ್ಬರೂ ಕೆರೆ ಏರಿಗೆ ಹೋಗೋಣ. ಕಲ್ಲಿನ ಬುಡಕ್ಕೆ ಮಣ್ಣು ತುಂಬಿ ಕರು ಅರ್ಧ ಮುಚ್ಚಿಹೋಗಿದೆ, ನನಗೆ ಬಗ್ಗಿ ತೆಗೆಯಲು ಆಗೋದಿಲ್ಲ. ಬಸ್ ಹತ್ತಿದ ಮೇಲೆ ಫೋನ್ ಮಾಡು.

ನಿನ್ನ
ದೊಡ್ಡವ್ವ