ಇಪ್ಪತ್ತೊಂದು ತುಂಬುವ ಮೊದಲು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನಗೀಗ ಹತ್ತೊಂಬತ್ತು. ವೋಟು ಹಾಕಬಹುದು, ಗಾಡಿ ಓಡಿಸಬಹುದು. ಆದರೆ ಬೆಂಗಳೂರಿನ ಯಾವ ಬಾರಿನಲ್ಲೂ ನಿನಗೆ ಬಿಯರ್ ಕೊಡುವಂತಿಲ್ಲ. "ಹದಿನೆಂಟಾದರೆ ಸಾಕು ಕಣೇ" ಅಂತ ಪಿಜಿಯಲ್ಲಿ ಯಾರಾದರೂ ಅಂದರೆ ಅದು ಪೂರ್ತಿ ಸುಳ್ಳಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಇರುವುದು 18. ಲೈಸೆನ್ಸ್ ಪಡೆದವರು ಪಾಲಿಸಬೇಕಾದ 1967ರ ನಿಯಮಗಳಲ್ಲಿ 21. 2023ರ ಜನವರಿಯಲ್ಲಿ ಅದನ್ನೂ 18ಕ್ಕೆ ಇಳಿಸಲು ಸರ್ಕಾರ ಕರಡು ಹೊರಡಿಸಿ, ವಿರೋಧ ಬಂದ ಮೇಲೆ ಹಿಂದಕ್ಕೆ ತೆಗೆದುಕೊಂಡಿತು. ಅಂಗಡಿಯವರಿಗೆ ಲೆಕ್ಕ 21ರದೇ.

ಹಾಗಾಗಿ ಗೆಳತಿಯ ಹುಟ್ಟುಹಬ್ಬಕ್ಕೆ ಇಂದಿರಾನಗರದ ಪಬ್ಬಿಗೆ ಹೋದರೆ ಬಾಗಿಲಲ್ಲೇ ಐಡಿ ಕೇಳುತ್ತಾರೆ. ಬರೀ ಊಟಕ್ಕೂ ಒಳಗೆ ಬಿಡದ ಕಡೆಗಳಿವೆ, ಮೊದಲೇ ಫೋನ್ ಮಾಡಿ ವಿಚಾರಿಸು. ಆಧಾರ್ ಪಿಡಿಎಫ್‌ನಲ್ಲಿ ಇಸವಿ ತಿದ್ದಿಕೊಡುತ್ತೇನೆ ಅನ್ನುವವರ ಮಾತಿಗೆ ಮಾತ್ರ ಹೂಂ ಅನ್ನಬೇಡ. ಅದರ ಕ್ಯೂಆರ್ ಸ್ಕ್ಯಾನ್ ಮಾಡಿದರೆ ನಿಜವಾದ ಹುಟ್ಟಿದ ದಿನವೇ ಬರುತ್ತದೆ, ಮತ್ತೆ ಅದು ಫೋರ್ಜರಿ ಕೇಸು.

ಗೋವಾದಲ್ಲಿ 18, ಕೇರಳದಲ್ಲಿ 23. ಟ್ರಿಪ್ ಹೋಗುವ ಮುಂಚೆ ನೋಡಿಕೊಳ್ಳಿ. ಗೋವಾದ ಬಾಟಲಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದರೆ ಕಾರವಾರದ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಇಳಿಸಿ ಹುಡುಕುತ್ತಾರೆ.

21 ಇರಲಿ ಅನ್ನುವವಳೇ ನಾನು. ಆದರೆ ಪಬ್ಬಿನ ಬಾಗಿಲು ಮುಚ್ಚಿದರೆ ಕುಡಿತ ರೂಮಿಗೆ ಬರುತ್ತದೆ, ನನ್ನ ಹೆದರಿಕೆ ಅದೇ. ಬಾರಿನಲ್ಲಿ 30, 60 ಎಂಎಲ್ ಅಂತ ಅಳತೆಯಾದರೂ ಇದೆ. ಸ್ಟೀಲ್ ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ 100 ಎಂಎಲ್ ದಾಟಿದ್ದೇ ಗೊತ್ತಾಗುವುದಿಲ್ಲ, ಕೋಲಾ ಬೆರೆಸಿದರೆ ಖಾರವೂ ತಿಳಿಯುವುದಿಲ್ಲ. 42.8% ಇರುವ ವಿಸ್ಕಿಯ 60 ಎಂಎಲ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. 8%ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ 60 ಎಂಎಲ್‌ನ ಎರಡು ಲಾರ್ಜ್. "ಬಿಯರ್ ತಾನೇ" ಅನ್ನುವವರಿಗೆ ಈ ಲೆಕ್ಕ ತೋರಿಸು. ಅಷ್ಟೇ ಕುಡಿದರೂ ಹೆಣ್ಣುಮಕ್ಕಳ ರಕ್ತದಲ್ಲಿ ಪ್ರಮಾಣ ಹೆಚ್ಚಿರುತ್ತದೆ, ಮೈಯಲ್ಲಿ ನೀರಿನಂಶ ಕಡಿಮೆ ಇರುವುದರಿಂದ.

ಲಿವರ್ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಚುರುಕು ಮಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮುಗಿಸಿದ ಎರಡು ಬಾಟಲಿ ಸ್ಟ್ರಾಂಗ್ ಬಿಯರ್ ಬೆಳಿಗ್ಗೆ ಕಾಲೇಜಿಗೆ ಸ್ಕೂಟರ್ ಹತ್ತುವಾಗಲೂ ರಕ್ತದಲ್ಲಿರಬಹುದು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಂಥವರು ಓಡಿಸುವ ಗಾಡಿಯ ಹಿಂದೆಯೂ ಕೂರಬೇಡ.

ನೀನು ಕುಡಿಯದಿದ್ದರೂ ರೂಮಿನಲ್ಲಿ ಯಾರಾದರೂ ಬಿದ್ದಿರಬಹುದು. ಕರೆದರೆ, ಚಿವುಟಿದರೆ ಏಳುತ್ತಿಲ್ಲವೇ? ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯೇ? ಎರಡು ಉಸಿರಿನ ನಡುವೆ ಹತ್ತು ಸೆಕೆಂಡು ಅಂತರವೇ? ತುಟಿ ನೀಲಿಯೇ? ಇದರಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡು. ಅಂಗಾತ ಮಲಗಿಸಬೇಡ, ವಾಂತಿ ಶ್ವಾಸನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ಅಲ್ಲೇ ಕೂತಿರು. ನಿದ್ದೆ ಮಾಡಿ ಸರಿಹೋಗಲಿ ಅಂತ ಬಿಡಬೇಡ. ಹೊಟ್ಟೆಯಲ್ಲಿರುವುದು ಇನ್ನೂ ರಕ್ತಕ್ಕೆ ಸೇರುತ್ತಿರುತ್ತದೆ.

21 ಆಗಿಲ್ಲ, ಮನೆಗೆ ಗೊತ್ತಾಗುತ್ತೆ, ಪಿಜಿಯಿಂದ ಓಡಿಸುತ್ತಾರೆ ಅಂತ ಸುತ್ತಲಿನವರು ಹಿಂಜರಿಯುತ್ತಾರೆ. ಆ ನಿಯಮ ಹಿಡಿಯುವುದು ಮಾರುವವರನ್ನು. ನೀನು ಫೋನ್ ಮಾಡು. ಏನು, ಎಷ್ಟು, ಎಷ್ಟು ಹೊತ್ತಿಗೆ ಕುಡಿದದ್ದು, ಜೊತೆಗೆ ಯಾವ ಮಾತ್ರೆ ನುಂಗಿದ್ದು, ಎಲ್ಲ ಡಾಕ್ಟರಿಗೆ ಮುಚ್ಚಿಡದೆ ಹೇಳು. ಆಮೇಲೆ ನನಗೆ ಮಾಡು, ಎಷ್ಟು ಹೊತ್ತಾಗಿದ್ದರೂ.

ನಿನ್ನ
ಅಮ್ಮ